ಎರಡು ಹೋಸಿನ ಹಳೇ ಸ್ಕೂಬಾ ರೆಗ್ಯುಲೇಟರ್: ಈಗಿನ ಡೈವಿಂಗಿಗೆ ಹೊಂದಿಸುವುದು ಹೇಗೆ?

"ಅಟ್ಟದ ಮೇಲೆ ಹಿತ್ತಾಳೆ ಡಬ್ಬಿಯಂಥದ್ದೊಂದು ಸಿಕ್ಕಿದೆ, ಅದರಿಂದ ಎರಡು ಸುಕ್ಕು ಪೈಪು ಹೊರಟಿವೆ. ಕೆಲಸ ಮಾಡುತ್ತಾ?" ಮೈಸೂರು, ಮಂಡ್ಯದ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸಮುದ್ರ ಇಲ್ಲದ ಊರಲ್ಲಿ ಇದೇನಪ್ಪಾ ಅನ್ನಬೇಡಿ. ನೌಕಾಪಡೆಯಿಂದ ನಿವೃತ್ತರಾದ ದೊಡ್ಡಪ್ಪಂದಿರ ಟ್ರಂಕಿನಲ್ಲಿ ಇಂಥವು ಸಿಗುತ್ತವೆ. ಸಾಲದ್ದಕ್ಕೆ, ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತು ಬಂದ ಹುಡುಗರು ವಿದೇಶದಿಂದ ಹರಾಜಿನಲ್ಲಿ ತರಿಸಿಕೊಳ್ಳುತ್ತಾರೆ. ಅದು ಹಳೇ ಸ್ಕೂಬಾ ರೆಗ್ಯುಲೇಟರ್, ಅಂದರೆ ಡೈವರ್ ಬೆನ್ನಿನ ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಬಾಯಿಗೆ ಕೊಡುವ ಸಾಧನ. ಎಲ್ಲರಿಗೂ ಸೇರಿಸಿ ಇಲ್ಲೇ ಉತ್ತರ ಬರೆದಿದ್ದೇನೆ.

ಕೆಲಸ ಮಾಡುತ್ತೆ, ಆದರೆ ಈಗಿರುವ ಸ್ಥಿತಿಯಲ್ಲಿ ಅಲ್ಲ. ಅದರ ರಬ್ಬರನ್ನೆಲ್ಲ ಬದಲಿಸಬೇಕು. ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಗೇಜು, ಜೊತೆಗಾರನಿಗೆ ಕೊಡಲು ಇನ್ನೊಂದು ಬಾಯಿ, ಬಿ.ಸಿ.ಗೆ ಗಾಳಿ ತುಂಬುವ ಹೋಸು, ಈ ಮೂರೂ ಆ ಕಾಲದಲ್ಲಿ ಇರಲಿಲ್ಲ, ಅವನ್ನು ಸೇರಿಸಿಕೊಳ್ಳಬೇಕು. (ಬಿ.ಸಿ. ಅಂದರೆ ನೀರಲ್ಲಿ ತೇಲುವುದು, ಮುಳುಗುವುದನ್ನು ಹತೋಟಿಯಲ್ಲಿಡುವ ಗಾಳಿಚೀಲದ ಜಾಕೆಟ್.) ಸೇರಿಸುವಾಗ ಹಳೇ ಡಬ್ಬಿಗೆ ಡ್ರಿಲ್ ಹಾಕಕೂಡದು, ವೆಲ್ಡಿಂಗೂ ಮಾಡಕೂಡದು. ನಿಮಗೆ ಉಸಿರು ಕೊಡುವ ಒಂದೇ ಕೆಲಸವನ್ನು ಅದಕ್ಕೆ ಬಿಡಿ, ಮಿಕ್ಕ ಹೊರೆಯನ್ನು ಬೇರೆಯದಕ್ಕೆ ಹೊರಿಸಿ.

ಒಂದು ಮಾತು ಮೊದಲೇ. ಡೈವಿಂಗ್ ಸರ್ಟಿಫಿಕೇಟ್ ಇಲ್ಲದವರು ಇದನ್ನು ಕಪಾಟಿನಲ್ಲಿಟ್ಟು ಚೆಂದ ನೋಡಿ, ಸಾಕು. ಇದ್ದವರೂ ಈಗಿನ ಮಾಮೂಲಿ ರೆಗ್ಯುಲೇಟರಿನಲ್ಲಿ ಒಂದೈವತ್ತು ಡೈವ್ ಆದ ಮೇಲೆ ಇದಕ್ಕೆ ಕೈ ಹಾಕುವುದು ಒಳ್ಳೇದು. ರೆಗ್ಯುಲೇಟರ್ ಬಿಚ್ಚಿ ಅಭ್ಯಾಸವಿಲ್ಲದಿದ್ದರೆ 2ರಿಂದ 5ರವರೆಗಿನ ಹಂತಗಳನ್ನು ತರಬೇತಾದ ಟೆಕ್ನಿಷಿಯನ್ ಪಕ್ಕ ಕೂತು ಮಾಡಿ.

ಇದು ನಡೆಯುವ ಬಗೆ

ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ ಅಂದರೆ ಅಂದಾಜು ಸಿಗಬಹುದು. ಇದನ್ನು ಎರಡು ಮೆಟ್ಟಿಲಲ್ಲಿ ಇಳಿಸುತ್ತಾರೆ. ಫಸ್ಟ್ ಸ್ಟೇಜ್ ಅದನ್ನು ಸುತ್ತಲ ನೀರಿನ ಒತ್ತಡಕ್ಕಿಂತ ಎಂಟು-ಹತ್ತು ಬಾರ್ ಹೆಚ್ಚಿನ ಮಟ್ಟಕ್ಕೆ ತರುತ್ತೆ. ಇದಕ್ಕೆ ಮಧ್ಯದ ಒತ್ತಡ ಅನ್ನೋಣ. ಸೆಕೆಂಡ್ ಸ್ಟೇಜ್ ಅಲ್ಲಿಂದ ನೀವು ಎಳೆಯಬಲ್ಲಷ್ಟಕ್ಕೆ ಇಳಿಸುತ್ತೆ. ಈಗಿನವುಗಳಲ್ಲಿ ಸೆಕೆಂಡ್ ಸ್ಟೇಜ್ ಬಾಯಲ್ಲೇ ಇರುತ್ತೆ. ಹಳೆಯದರಲ್ಲಿ ಎರಡೂ ಕುತ್ತಿಗೆಯ ಹಿಂದಿನ ಡಬ್ಬಿಯೊಳಗೆ ಕೂತಿರುತ್ತವೆ. ಬಲಗಡೆ ಹೋಸಿನಿಂದ ಗಾಳಿ ಬಾಯಿಗೆ ಬರುತ್ತೆ, ಬಿಟ್ಟ ಉಸಿರು ಎಡಗಡೆ ಹೋಸಿನಲ್ಲಿ ವಾಪಸು ಡಬ್ಬಿಗೆ ಹೋಗಿ ಗುಳ್ಳೆಯಾಗುತ್ತೆ.

ಉಸಿರನ್ನು ಬಾಯ ಹತ್ತಿರವೇ ಬಿಡದೆ ಅಷ್ಟು ದೂರ ಯಾಕೆ ಕೊಂಡೊಯ್ಯಬೇಕು? 1943ರಲ್ಲಿ ಫ್ರೆಂಚ್ ನೌಕಾಪಡೆಯ ಜಾಕ್ ಕೂಸ್ತೋ, ಇಂಜಿನಿಯರ್ ಎಮಿಲ್ ಗಾನ್ಯಾನ್ ಇಬ್ಬರೂ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಮೊದಲ ನಮೂನೆ ಪರೀಕ್ಷಿಸಿದಾಗ ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಪೋಲಾಗುತ್ತಿತ್ತು, ತಲೆಕೆಳಗಾದರೆ ಎಳೆಯಲು ಆಗುತ್ತಿರಲಿಲ್ಲ. ಗಾಳಿ ಹೊರಹೋಗುವ ಬಾಯಿ ಮತ್ತು ಡಯಾಫ್ರಾಮ್ ಬೇರೆ ಬೇರೆ ಆಳದಲ್ಲಿದ್ದದ್ದೇ ಕಾರಣ. (ಡಯಾಫ್ರಾಮ್ ಅಂದರೆ ನೀರಿನ ಒತ್ತಡಕ್ಕೆ ಬಾಗುವ ರಬ್ಬರ್ ಪೊರೆ.) ಎರಡನ್ನೂ ಅಕ್ಕಪಕ್ಕ ಇಟ್ಟರು, ಸರಿಹೋಯಿತು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧ ತಕರಾರುಗಳ ಮೂಲ ಇದೇ.

ಬೇಕಾಗುವ ಸಾಮಾನು

ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ (ಹಳೆಯವುಗಳ ಸ್ಕ್ಯಾನ್ ಪ್ರತಿ ಸಿಗುತ್ತೆ), ರಬ್ಬರ್ ಮತ್ತು ಸಿಲಿಕೋನ್ ಭಾಗಗಳ ಪೂರ್ತಿ ಸೆಟ್, ಓ-ರಿಂಗ್‌ಗಳು (ಗಾಳಿ ಸೋರದಂತೆ ಕೀಲುಗಳಲ್ಲಿ ಕೂರುವ ರಬ್ಬರ್ ಬಳೆಗಳು), ಮಧ್ಯದ ಒತ್ತಡ ಅಳೆಯುವ ಗೇಜು, ಡೈವಿಂಗಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಚಿನಿವಾರರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಲೆನ್ಸು, ಹಿತ್ತಾಳೆ ಕಡ್ಡಿ, ಬಿಳಿ ವಿನೆಗರ್, ಡಿಸ್ಟಿಲ್ಡ್ ವಾಟರ್. ಗಾರೆಯವರು ನೀರುಮಟ್ಟ ನೋಡುವ ಪಾರದರ್ಶಕ ಪೈಪು ಒಂದೆರಡು ಮೀಟರ್. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಲೆನ್ಸು ಅಶೋಕ ರಸ್ತೆ ಕಡೆ ವಿಚಾರಿಸಿ. ರಬ್ಬರ್ ಸೆಟ್ ಹೊರದೇಶದಿಂದಲೇ ಬರಬೇಕು, ಕಸ್ಟಮ್ಸ್ ಸುಂಕ ಬೀಳುತ್ತೆ. ಬಿಡಿಬಿಡಿಯಾಗಿ ತರಿಸದೆ ಒಂದೇ ಸಲ ತರಿಸಿ.

1. ನಿಮ್ಮದು ಯಾವುದು ಅಂತ ಗುರುತು ಹಿಡಿಯಿರಿ

ಡಬ್ಬಿಯ ಮುಖದ ಮೇಲಿನ ಲೇಬಲ್ ಓದಿ, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಯು.ಎಸ್. ಡೈವರ್ಸ್‌ನವರ ಡಿಎ ಅಕ್ವಾ ಮಾಸ್ಟರ್ ಅಥವಾ ರಾಯಲ್ ಅಕ್ವಾ ಮಾಸ್ಟರ್ ಆಗಿದ್ದರೆ ನೀವು ಅದೃಷ್ಟವಂತರು. ಎರಡೂ ಎರಡು ಸ್ಟೇಜಿನವು, ಹೊಸ ಭಾಗಗಳು ಇವತ್ತಿಗೂ ತಯಾರಾಗುತ್ತಿವೆ. ರಾಯಲ್‌ನ ಫಸ್ಟ್ ಸ್ಟೇಜ್ ಬ್ಯಾಲೆನ್ಸ್ಡ್, ಅಂದರೆ ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಮಧ್ಯದ ಒತ್ತಡ ಕದಲುವುದಿಲ್ಲ. ಡಿಎ ಹಾಗಲ್ಲ; ಸಿಲಿಂಡರ್ ಇಳಿದಂತೆ ಅದರ ಮಧ್ಯದ ಒತ್ತಡ ಸ್ವಲ್ಪ ಏರುತ್ತೆ.

ಮಿಸ್ಟ್ರಾಲ್ ಆಗಿದ್ದರೆ ಅದು ಒಂದೇ ಸ್ಟೇಜಿನದು. ಇನ್ನೂರು ಬಾರಿನಿಂದ ಒಂದೇ ಹಾರಿಗೆ ಬಾಯಿಗೆ ಬರುತ್ತೆ. ಮಧ್ಯದ ಒತ್ತಡವೇ ಇಲ್ಲದ ಮೇಲೆ ಆಕ್ಟೋಪಸ್ಸನ್ನು ಎಲ್ಲಿಗೆ ಸಿಕ್ಕಿಸುವುದು? (ಜೊತೆಗಾರನಿಗಾಗಿ ಇಡುವ ಹೆಚ್ಚುವರಿ ಸೆಕೆಂಡ್ ಸ್ಟೇಜಿಗೆ ಆಕ್ಟೋಪಸ್ ಅನ್ನುತ್ತಾರೆ.) ಹೀಗಾಗಿ ಮಿಸ್ಟ್ರಾಲಿನವರಿಗೆ ಮುಂದಿನ ಹಂತದಲ್ಲಿ ಒಂದೇ ದಾರಿ. ಲೇಬಲ್ಲೂ ಇಲ್ಲ, ಭಾಗಗಳೂ ಸಿಗುವುದಿಲ್ಲ ಅಂದರೆ ದುಡ್ಡು ಸುರಿಯಬೇಡಿ. ಒರೆಸಿ ಷೋಕೇಸಿನಲ್ಲಿಡಿ.

ಯೋಕನ್ನೂ ನೋಡಿ. ಸಿಲಿಂಡರ್ ವಾಲ್ವಿಗೆ ತಿರುಪಿ ಬಿಗಿಯುವ ಲೋಹದ ಚೌಕಟ್ಟಿಗೆ ಯೋಕ್ ಅನ್ನುತ್ತಾರೆ. ಹಳೇ ಯೋಕುಗಳು 2,250 ಪಿಎಸ್‌ಐ, ಅಂದರೆ ಸುಮಾರು 155 ಬಾರಿನ ಸಿಲಿಂಡರ್ ಕಾಲದವು. ಈಗಿನವು 200 ದಾಟುತ್ತವೆ, ವಾಲ್ವೂ ದಪ್ಪ. ತೆಳು ಯೋಕನ್ನು ಸುತ್ತಿಗೆ ಬಡಿದು ತೂರಿಸಿದವರನ್ನು ಕಂಡಿದ್ದೇನೆ! ದಯವಿಟ್ಟು ಬೇಡ, ಹೊಸ ಯೋಕ್ ಹಾಕಿಸಿ.

2. ಮಿಕ್ಕ ಹೋಸುಗಳು ಎಲ್ಲಿಂದ ಬರಬೇಕು, ಮೊದಲೇ ತೀರ್ಮಾನಿಸಿ

ಇಲ್ಲಿ ಮೂರು ದಾರಿಗಳಿವೆ.

ನನಗೆ ಹಿಡಿಸಿದ್ದು ಎರಡು ಬಾಯಿಯ ಸಿಲಿಂಡರ್ ವಾಲ್ವ್. ಆಕಾರ ನೋಡಿ ಅದನ್ನು ವೈ ವಾಲ್ವ್, ಎಚ್ ವಾಲ್ವ್ ಅಂತ ಕರೆಯುತ್ತಾರೆ. ಒಂದು ಬಾಯಿಗೆ ಹಳೇ ರೆಗ್ಯುಲೇಟರ್ ಹಾಕಿ. ಇನ್ನೊಂದಕ್ಕೆ ಈಗಿನ ಫಸ್ಟ್ ಸ್ಟೇಜ್ ಹಾಕಿ ಅದರಿಂದ ಆಕ್ಟೋಪಸ್, ಗೇಜು, ಬಿ.ಸಿ. ಹೋಸು ಮೂರನ್ನೂ ತೆಗೆದುಕೊಳ್ಳಿ. ಹಳೆಯದರ ಒಂದು ಸ್ಕ್ರೂ ಕೂಡ ಬದಲಾಗುವುದಿಲ್ಲ. ಅದು ಕೈಕೊಟ್ಟರೂ ಪೂರ್ತಿ ಬೇರೆ ರೆಗ್ಯುಲೇಟರ್ ಎದೆಯ ಮೇಲೇ ಇರುತ್ತೆ. ಮಿಸ್ಟ್ರಾಲಿಗೆ ಇದೊಂದೇ ದಾರಿ. ತೊಂದರೆ ಒಂದೇ: ಬಾಡಿಗೆ ಸಿಲಿಂಡರುಗಳಲ್ಲಿ ಸಾಮಾನ್ಯವಾಗಿ ಒಂದೇ ಬಾಯಿ ಇರುತ್ತೆ. ಸ್ವಂತ ಸಿಲಿಂಡರ್ ಇದ್ದವರಿಗೆ, ಅಥವಾ ಡೈವ್ ಸೆಂಟರಿನವರ ಜೊತೆ ಮೊದಲೇ ಮಾತಾಡಿಕೊಂಡವರಿಗೆ ಇದು ಸಲೀಸು.

ಎರಡನೆಯದು ಡಬ್ಬಿಯ ನಡುವಿನ ಹಿತ್ತಾಳೆ ತಿರುಳನ್ನೇ ತೆಗೆದು, ಹೋಸು ಸಿಕ್ಕಿಸಲು ತೂತುಗಳಿರುವ ಹೊಸ ತಿರುಳು ಕೂರಿಸುವುದು. ಅಕ್ವಾ ಮಾಸ್ಟರ್ ಜೋಡಿಗೆ ಫೀನಿಕ್ಸ್ ಎಂಬ ಹೆಸರಿನಲ್ಲಿ ಇಂಥದ್ದು ಬಂದಿದೆ. ಬಾಡಿಗೆ ಸಿಲಿಂಡರಿನಲ್ಲೇ ಡೈವ್ ಮಾಡುವವರಿಗೆ ಇದೇ ಸರಿ. ಖರ್ಚು ಜಾಸ್ತಿ, ಆದರೆ ಹಳೇ ತಿರುಳನ್ನು ಎತ್ತಿಟ್ಟುಕೊಂಡರೆ ಯಾವಾಗ ಬೇಕಾದರೂ ಮೊದಲಿನಂತೆ ಮಾಡಬಹುದು.

ಮೂರನೆಯದು ಬ್ಯಾಂಜೋ. ವಾಲ್ವಿಗೂ ಯೋಕಿಗೂ ನಡುವೆ ಕೂರುವ ಬಿಲ್ಲೆ ಇದು, ಗೇಜಿಗೆ ಮಾತ್ರ ದಾರಿ ಮಾಡಿಕೊಡುತ್ತೆ. ಆಕ್ಟೋಪಸ್ಸಿಗೂ ಬಿ.ಸಿ.ಗೂ ಕೊಡುವುದಿಲ್ಲ. ಅರ್ಧ ಕೆಲಸ, ನಾನು ಒಪ್ಪುವುದಿಲ್ಲ.

"ಕೈಗಾರಿಕಾ ಪ್ರದೇಶದಲ್ಲಿ ಲೇತ್‌ನವರು ಪರಿಚಯ, ಒಂದು ತೂತು ಕೊರೆಸಿಬಿಡಲಾ?" ಅಂತ ಪ್ರತಿ ಮೂರನೆಯವರು ಕೇಳುತ್ತಾರೆ. ಬೇಡ. ಆ ತಿರುಳಿನೊಳಗೆ ಎಲ್ಲಿ ಎಷ್ಟು ದಪ್ಪ ಇದೆ ಅಂತ ಲೇತ್‌ನವರಿಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹಿಂದುಗಡೆ ಇನ್ನೂರು ಬಾರ್ ಕೂತಿರುತ್ತೆ, ಅದೂ ನಿಮ್ಮ ಕುತ್ತಿಗೆ ಪಕ್ಕದಲ್ಲೇ.

3. ಬಿಚ್ಚಿ, ತೊಳೆಯಿರಿ

ಬಿಳಿ ಟವೆಲ್ ಹಾಸಿಕೊಳ್ಳಿ. ಒಂದೊಂದು ಭಾಗ ಬಿಚ್ಚುವ ಮುಂಚೆಯೂ ಫೋಟೋ ತೆಗೆಯಿರಿ. ಡಬ್ಬಿಯ ಎರಡು ಹೋಳುಗಳನ್ನು ಹಿಡಿದಿರುವ ಕ್ಲಿಪ್ಪುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಅಂಚು ಸೊಟ್ಟಗಾಗಿ ಆಮೇಲೆ ನೀರು ಒಸರುತ್ತೆ. ಮರದ ಚಕ್ಕೆ ಬಳಸಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಒಳಗಿನ ಫಿಲ್ಟರಿನ ಬಣ್ಣ ನೋಡಿದರೆ ಅದರ ಚರಿತ್ರೆ ಗೊತ್ತಾಗುತ್ತೆ. ಹಸಿರಾಗಿದ್ದರೆ ಉಪ್ಪುನೀರು ಒಳಗೆ ಹೋಗಿದೆ. ಕೆಂಪು ಪುಡಿ ಇದ್ದರೆ ಯಾವುದೋ ತುಕ್ಕು ಹಿಡಿದ ಸ್ಟೀಲ್ ಸಿಲಿಂಡರಿನ ಕಾಣಿಕೆ. ಹೇಗಿದ್ದರೂ ಫಿಲ್ಟರ್ ಹೊಸದೇ ಹಾಕಿ.

ಲೋಹದ ಭಾಗಗಳನ್ನು ಉಗುರುಬೆಚ್ಚಗಿನ ನೀರಿಗೆ ಅಷ್ಟೇ ವಿನೆಗರ್ ಬೆರೆಸಿ ಹತ್ತು ನಿಮಿಷ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಕನ್ನಡಕದಂಗಡಿಯಲ್ಲಿರುವಂಥ ಅಲ್ಟ್ರಾಸಾನಿಕ್ ತೊಟ್ಟಿ ಸಿಕ್ಕರೆ ಬ್ರಷ್ಷಿನ ಕೆಲಸ ಅರ್ಧ ಉಳಿಯಿತು. ಮರೆತು ರಾತ್ರಿಯಿಡೀ ಬಿಟ್ಟಿರೋ, ಬೆಳಿಗ್ಗೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತೆ. ಅದರಲ್ಲಿದ್ದ ಸತು ಕರಗಿ ಬರೀ ತಾಮ್ರದ ಜಾಲರಿ ಉಳಿದಿದೆ ಅಂತ ಅರ್ಥ. ಆ ಭಾಗ ಹೋಯಿತು.

ಕೊನೆಯ ಸಲ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ಬೋರಿನ ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಆ ಬಿಳೀ ಸುಣ್ಣವೇ ವಾಲ್ವ್ ಸೀಟಿನ ಮೇಲೂ ಕೂರುತ್ತೆ.

ಮನೆಯವರು ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಬೆಳಗಬೇಡಿ. ಹೊರಗಿನ ಡಬ್ಬಿ ಫಳಫಳ ಅನ್ನುತ್ತೆ ನಿಜ, ಒಳಗಿನ ಸೀಟಿನ ಅಂಚಿಗೆ ಗೀರು ಬೀಳುತ್ತೆ. ಈ ಅಂಚಿಗೆ ನಮ್ಮವರು ವಾಲ್ಕೆನೋ ಅನ್ನುತ್ತಾರೆ. ಜ್ವಾಲಾಮುಖಿಯ ಬಾಯಿಯ ಹಾಗೆ ಎದ್ದು ನಿಂತ ಕೂದಲೆಳೆ ಅಂಚು, ಗಾಳಿ ನಿಲ್ಲುವುದು ಅಲ್ಲೇ. ಲೆನ್ಸು ಹಿಡಿದು, ಟಾರ್ಚನ್ನು ಓರೆಯಾಗಿ ಬಿಟ್ಟು ತಿರುಗಿಸುತ್ತಾ ನೋಡಿ. ಬೆಳಕಿನ ಉಂಗುರ ಎಲ್ಲೂ ಕಡಿಯಬಾರದು. ಒಂದೇ ಒಂದು ಕಡೆ ಕಡಿದಿದ್ದರೂ ಅಲ್ಲಿಂದ ಸೋರುತ್ತೆ. ನನ್ನದೊಂದು ಡಿಎಯನ್ನು ಹೊಳಪು ಬರಲಿ ಅಂತ ಪ್ಲೇಟಿಂಗಿಗೆ ಕೊಟ್ಟಿದ್ದೆ. ಅವರು ಪೂರ್ತಿ ತಿರುಳನ್ನೇ ಬಫಿಂಗ್ ಚಕ್ರಕ್ಕೆ ಹಿಡಿದು ವಾಲ್ಕೆನೋ ಅಂಚನ್ನು ದೋಸೆ ಕಾವಲಿ ಹಾಗೆ ನುಣ್ಣಗೆ ಮಾಡಿ ವಾಪಸು ಕೊಟ್ಟರು. ಈಗ ಅದು ನನ್ನ ಮೇಜಿನ ಮೇಲೆ ಪೇಪರ್‌ವೇಟ್.

4. ರಬ್ಬರ್ ಪೂರ್ತಿ ಬದಲಿಸಿ

ಇದರಲ್ಲಿ ಚೌಕಾಸಿ ಇಲ್ಲ. ಹಳೇ ರಬ್ಬರ್ ಹೊರಗೆ ಚೆನ್ನಾಗಿ ಕಂಡರೂ ಸುಕ್ಕು ಬಿಡಿಸಿದರೆ ಒಳಗೆ ಬಿರುಕು ಇರುತ್ತೆ. ಬೆರಳಿಗೆ ಕಪ್ಪು ಪುಡಿ ಅಂಟಿದರಂತೂ ಮಾತೇ ಇಲ್ಲ. ಎರಡು ಹೋಸು, ದೊಡ್ಡ ಡಯಾಫ್ರಾಮ್, ಫಸ್ಟ್ ಸ್ಟೇಜಿನ ಚಿಕ್ಕ ಡಯಾಫ್ರಾಮ್, ಡಬ್ಬಿಯೊಳಗಿನ ಉಸಿರು ಬಿಡುವ ವಾಲ್ವ್ (ಬಾತುಕೋಳಿ ಕೊಕ್ಕಿನಂತಿರುವುದರಿಂದ ಡಕ್‌ಬಿಲ್ ಅನ್ನುತ್ತಾರೆ), ಬಾಯಿತುಂಡಿನ ಎರಡು ಒಮ್ಮುಖ ವಾಲ್ವುಗಳು, ಎಲ್ಲವೂ ಹೊಸವು ಸಿಗುತ್ತವೆ, ಕೆಲವು ಸಿಲಿಕೋನಿನವು. ಹಳೇ ಬಿರುಸು ಪೊರೆಯ ಜಾಗಕ್ಕೆ ಮೃದು ಸಿಲಿಕೋನ್ ಡಯಾಫ್ರಾಮ್ ಬಂದರೆ ಉಸಿರೆಳೆಯುವುದು ಎಷ್ಟು ಹಗುರ ಅನ್ನುವುದು ಮೊದಲ ಸಲಕ್ಕೇ ಗೊತ್ತಾಗುತ್ತೆ.

ಓ-ರಿಂಗ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ ಮಾದರಿಗಳ ಅಳತೆ ಇಂಚಿನದು, ಫ್ರೆಂಚರದು ಮಿಲಿಮೀಟರಿನದು. ಬೇರಿಂಗ್ ಅಂಗಡಿಯವರು "ಇದೂ ಆಗುತ್ತೆ ಸಾರ್" ಅಂತ ಹತ್ತಿರದ ಸೈಜು ಕೊಡುತ್ತಾರೆ. ಟ್ರಾಕ್ಟರಿಗೆ ಆಗಬಹುದು, ಇದಕ್ಕೆ ಆಗಲ್ಲ.

ಗ್ರೀಸ್ ಓ-ರಿಂಗಿಗೆ ಮಾತ್ರ, ಅದೂ ಹೊಳೆಯುವಷ್ಟು ಸವರಿದರೆ ಸಾಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಹೊಲಿಗೆ ಮಿಷನ್ ಎಣ್ಣೆ ಯಾವುದೂ ಕೂಡದು. ನೀವು ಉಸಿರಾಡುವ ಗಾಳಿ ಅದರ ಮೇಲೆ ಹಾದು ಬರುತ್ತೆ. ರಬ್ಬರೂ ಉಬ್ಬಿ ಹಾಳಾಗುತ್ತೆ. ಆಕ್ಸಿಜನ್ ಹೆಚ್ಚಿರುವ ಮಿಶ್ರಗಾಳಿಗೆ ಈ ರೆಗ್ಯುಲೇಟರ್ ಬೇಡ. ಮಾಮೂಲಿ ಗಾಳಿಯೇ ಸಾಕು.

ಹೋಸಿನ ಬ್ಯಾಂಡು ಬಿಗಿಯಾದ ಮೇಲೆ ಎರಡೂ ಕೈಯಿಂದ ಜಗ್ಗಿ ನೋಡಿ. ನಾನೊಮ್ಮೆ ಜಗ್ಗದೆ ಬಿಟ್ಟು, ಈಜುಕೊಳದಲ್ಲಿ ತಲೆ ತಿರುಗಿಸಿದಾಗ ಎಡಗಡೆ ಹೋಸು ಕೈಗೆ ಬಂದಿತ್ತು. ಐದಡಿ ನೀರಾದ್ದರಿಂದ ಎದ್ದು ನಿಂತೆ, ಅಷ್ಟೇ.

5. ಜೋಡಿಸಿ, ಒತ್ತಡ ನೋಡಿ

ಜೋಡಿಸುವಾಗ ಸೆಕೆಂಡ್ ಸ್ಟೇಜಿನ ಲಿವರಿನ ಎತ್ತರಕ್ಕೆ ಹೆಚ್ಚು ಸಮಯ ಕೊಡಿ. (ಲಿವರ್ ಅಂದರೆ ಡಯಾಫ್ರಾಮ್ ಬಾಗಿ ಒತ್ತಿದಾಗ ಗಾಳಿಯ ವಾಲ್ವ್ ತೆರೆಯುವ ಸನ್ನೆ.) ಲಿವರ್ ಡಯಾಫ್ರಾಮಿಗೆ ತಾಗಿಯೂ ತಾಗದಂತಿರಬೇಕು. ಎತ್ತರವಾದರೆ ಗಾಳಿ ಸುಮ್ಮನೆ ಸುರಿಯುತ್ತೆ, ತಗ್ಗಾದರೆ ಎಳೆದು ಎಳೆದು ದವಡೆ ನೋಯುತ್ತೆ. ಡಬ್ಬಿಯ ಅಂಚಿಗೆ ಅಡ್ಡಲಾಗಿ ಸ್ಕೇಲ್ ಇಟ್ಟು ಮ್ಯಾನುಯಲ್ ಹೇಳಿದ ಅಂತರಕ್ಕೆ ಹೊಂದಿಸಿ.

ಸಿಲಿಂಡರ್ ಹಾಕುವ ಮುಂಚೆ ದುಡ್ಡಿಲ್ಲದ ಒಂದು ಪರೀಕ್ಷೆ ಮಾಡಿ: ಯೋಕಿನ ಬಾಯಿಗೆ ಮುಚ್ಚಳ ಹಾಕಿ ಬಾಯಿಂದ ಉಸಿರೆಳೆಯಿರಿ. ಏನೂ ಬರಬಾರದು, ನಾಲಿಗೆ ಬಾಯಿತುಂಡಿಗೆ ಅಂಟಿಕೊಳ್ಳಬೇಕು. ಗಾಳಿ ಬಂತೋ, ನೀರೂ ಅದೇ ದಾರಿಯಲ್ಲಿ ಬರುತ್ತೆ. ಮೊದಲು ಡಕ್‌ಬಿಲ್, ಆಮೇಲೆ ಹೋಸಿನ ತುದಿ, ಕೊನೆಗೆ ಡಬ್ಬಿಯ ಅಂಚು ನೋಡಿ.

ಆಮೇಲೆ ಸಿಲಿಂಡರ್. ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ಗೇಜಿನ ಗಾಜು ಮುಖದ ಕಡೆ ಇರಬಾರದು. ಮಧ್ಯದ ಒತ್ತಡ ಮ್ಯಾನುಯಲ್ ಹೇಳಿದ ಅಂಕಿಗೆ ಬಂದು ಗಕ್ಕನೆ ನಿಲ್ಲಬೇಕು. ಹತ್ತು ನಿಮಿಷ ಕಾಯಿರಿ. ಮುಳ್ಳು ಮೆಲ್ಲಗೆ ಏರುತ್ತಲೇ ಇದ್ದರೆ ಫಸ್ಟ್ ಸ್ಟೇಜಿನ ಸೀಟು ಸೋರುತ್ತಿದೆ, ಮತ್ತೆ ಬಿಚ್ಚಿ ವಾಲ್ಕೆನೋ ನೋಡಿ. ಡಿಎ ಇರುವವರು ಇದೇ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನಲ್ಲೂ, ಮೂವತ್ತು-ನಲವತ್ತು ಬಾರ್ ಉಳಿದ ಸಿಲಿಂಡರಿನಲ್ಲೂ ಮಾಡಬೇಕು. ಯಾಕೆ ಅನ್ನುವುದು 1ನೇ ಹಂತದಲ್ಲಿದೆ. ಗೇಜು ಸಿಕ್ಕಿಸಲು ಪಕ್ಕದ ತೂತು ಇಲ್ಲದ ಮಾದರಿಯಾದರೆ ಟೆಕ್ನಿಷಿಯನ್ ಹತ್ತಿರ ಅಡಾಪ್ಟರ್ ಇರುತ್ತೆ.

6. ಉಸಿರು ಎಷ್ಟು ಹಗುರ? ಕಾಫಿ ಡಿಕಾಕ್ಷನ್ ಪರೀಕ್ಷೆ

ಉಸಿರೆಳೆದಾಗ ಯಾವ ಸೆಳೆತಕ್ಕೆ ಗಾಳಿ ಶುರುವಾಗುತ್ತೆ ಅಂತ ಅಳೆಯುವ ಸಾಧನಕ್ಕೆ ದುಡ್ಡು ಬಹಳ. ಗಾರೆಯವರ ಪೈಪು ಸಾಕು. ಅದನ್ನು ಯು ಆಕಾರಕ್ಕೆ ಬಗ್ಗಿಸಿ ಸ್ಕೇಲಿನ ಪಕ್ಕ ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ಹಾಕಿ. ಒಂದು ತುದಿಯನ್ನು ಬಾಯಿತುಂಡಿನ ಜೊತೆ ತುಟಿಯ ಮೂಲೆಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ತುದಿ ತೆರೆದಿಟ್ಟು, ಮೆಲ್ಲಗೆ ಎಳೆಯಿರಿ. ಸುಯ್ ಅನ್ನುವ ಗಳಿಗೆಯಲ್ಲಿ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಓದಿ. ಮೂರ್ನಾಲ್ಕು ಸೆಂಟಿಮೀಟರ್ ಒಳಗಿದ್ದರೆ ಚೆನ್ನ. ಒಂದಕ್ಕಿಂತ ಕಡಿಮೆ ಮಾಡಲು ಹೋದರೆ ನೀರಿಗಿಳಿದ ಕೂಡಲೇ ಸುರಿಯಲು ಶುರುವಾಗುತ್ತೆ. ಬಣ್ಣಕ್ಕೆ ಇಂಕ್ ಬೇಡ, ಕಾಫಿ ಡಿಕಾಕ್ಷನ್ ಹಾಕಿ. ಜೋರಾಗಿ ಎಳೆದವರ ಬಾಯಿಗೆ ಬರುವುದು ಅದೇ ಅಲ್ಲವೇ.

7. ಮೊದಲ ಇಳಿತ ಈಜುಕೊಳದಲ್ಲಿ, ನಾಲೆಯಲ್ಲಿ ಅಲ್ಲ

ಕೆಆರ್‌ಎಸ್ ಹಿನ್ನೀರು, ಬಲಮುರಿ, ವಿ.ಸಿ. ನಾಲೆ ಮನೆ ಹತ್ತಿರ ಇವೆ ಅಂತ ಅಲ್ಲಿ ಪರೀಕ್ಷೆಗೆ ಇಳಿಯಬೇಡಿ. ಸೆಳವಿರುವ, ಕಣ್ಣು ಕಾಣದ ನೀರು. ಈಜು ಬಲ್ಲವರನ್ನೇ ಎಷ್ಟು ಸಲ ಎಳೆದುಕೊಂಡಿದೆ ಅನ್ನುವುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಯಾವುದಾದರೂ ಈಜುಕೊಳದವರ ಅನುಮತಿ ಮೊದಲೇ ತೆಗೆದುಕೊಳ್ಳಿ, ಸಿಲಿಂಡರ್ ತರುವುದನ್ನೂ ಹೇಳಿ. ಜೊತೆಗೊಬ್ಬ ಡೈವರ್ ಇರಲೇಬೇಕು.

ಸಿಲಿಂಡರನ್ನು ಬಿ.ಸಿ.ಯಲ್ಲಿ ಮಾಮೂಲಿಗಿಂತ ಕೆಳಕ್ಕೆ ಕಟ್ಟಿ. ಡಬ್ಬಿ ತಲೆಯ ಹಿಂದಲ್ಲ, ಹೆಗಲ ಮೂಳೆಗಳ ನಡುವೆ, ಬೆನ್ನಿಗೆ ಅಂಟಿದಂತೆ ಕೂರಬೇಕು. ಯಾಕೆ? ಕವುಚಿ ಈಜುವಾಗ ಶ್ವಾಸಕೋಶ ಕೆಳಗೆ, ಡಯಾಫ್ರಾಮ್ ಮೇಲೆ. ಹದಿನೈದು ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಅಂದರೆ ಹದಿನೈದು ಸೆಂಟಿಮೀಟರ್ ನೀರನ್ನು ಪ್ರತಿ ಉಸಿರಿಗೂ ನೀವು ಎಳೆಯಬೇಕು. ಡಿಕಾಕ್ಷನ್ ಪರೀಕ್ಷೆಯಲ್ಲಿ ಮೂರು ಸೆಂಟಿಮೀಟರಿಗೆ ಪಟ್ಟ ಪಾಡೆಲ್ಲ ಇಲ್ಲಿ ನೀರಿಗೆ ಹೋಮ. "ಎಲ್ಲ ಬದಲಿಸಿದರೂ ಉಸಿರು ಬಿಗಿ" ಅಂತ ಬರೆಯುವವರಲ್ಲಿ ಹೆಚ್ಚಿನವರ ತಪ್ಪು ರೆಗ್ಯುಲೇಟರಿನದಲ್ಲ, ಸಿಲಿಂಡರ್ ಪಟ್ಟಿಯದು.

ಇಷ್ಟನ್ನು ಸೊಂಟದ ಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿ. ಬಾಯಿತುಂಡು ತೆಗೆದು ಬಿಟ್ಟರೆ ಅದು ಮೇಲಕ್ಕೆ ತೇಲಿ ಭರ್ರೆಂದು ಗಾಳಿ ಬಿಡುತ್ತೆ, ಗಾಬರಿ ಬೇಡ. ಡಬ್ಬಿಯ ಮಟ್ಟಕ್ಕಿಂತ ಕೆಳಗೆ ಹಿಡಿದರೆ ನಿಲ್ಲುತ್ತೆ. ವಾಪಸು ಹಾಕಿಕೊಳ್ಳುವಾಗ ಮೇಲಕ್ಕೆತ್ತಿ ಹಿಡಿಯಿರಿ, ಬರುವ ಗಾಳಿಯೇ ನೀರನ್ನು ತಳ್ಳುತ್ತೆ. ಹೋಸಿನಲ್ಲಿ ನೀರು ಉಳಿದು ಗುಳುಗುಳು ಅಂದರೆ ಎಡಕ್ಕೆ ಹೊರಳಿ ಜೋರಾಗಿ ಊದಿ. ನೀರು ಎಡಗಡೆ ಹೋಸಿನಿಂದ ಹೊರಹೋಗುತ್ತೆ. ಬಲಕ್ಕೆ ಹೊರಳಿದರೆ ನೀರು ಗಾಳಿ ಬರುವ ದಾರಿಗೇ ಇಳಿಯುತ್ತೆ. ಆಕ್ಟೋಪಸ್ಸನ್ನು ಜೊತೆಗಾರನಿಗೆ ಕೊಡುವುದನ್ನೂ, ನೀವೇ ಅದಕ್ಕೆ ಬದಲಾಗುವುದನ್ನೂ ಕಣ್ಣು ಮುಚ್ಚಿ ಮಾಡುವಷ್ಟು ಸಲ ಮಾಡಿ.

8. ನೇತ್ರಾಣಿಗೆ ಒಯ್ಯುವಾಗ

ಮುರುಡೇಶ್ವರದಿಂದ ದೋಣಿ ಹೊರಡುವುದು ಮಳೆಗಾಲ ಕಳೆದ ಮೇಲೆಯೇ. ಡೈವ್ ಸೆಂಟರಿನವರಿಗೆ ಮುಂಚೆಯೇ ಫೋಟೋ ಕಳಿಸಿ, ಒಪ್ಪಿಗೆ ಪಡೆಯಿರಿ. ದೋಣಿಯ ಮೇಲೆ ಮೊದಲ ಸಲ ನೋಡಿದವರು ಬೇಡ ಅಂದರೆ ಅವರ ತಪ್ಪಲ್ಲ. ಮೊದಲ ಡೈವ್ ಹತ್ತು ಮೀಟರಿನೊಳಗೆ ಇರಲಿ. ಗುಳ್ಳೆಗಳೆಲ್ಲ ತಲೆಯ ಹಿಂದೆ ಏಳುವುದರಿಂದ ಕಣ್ಣೆದುರು ಗಡಿಬಿಡಿ ಇಲ್ಲ, ಕಿವಿ ಹತ್ತಿರ ಸದ್ದಿಲ್ಲ. ಮೀನುಗಳು ಹತ್ತಿರ ಬರುತ್ತವೆ. ಕ್ಯಾಮೆರಾ ಹಿಡಿಯುವವರು ಈ ಹಳೇ ಡಬ್ಬಿಗೆ ಮರುಳಾಗುವುದು ಇದಕ್ಕೇ.

ಡೈವ್ ಆದ ಮೇಲೆ ಯೋಕಿನ ಮುಚ್ಚಳ ಒರೆಸಿ ಹಾಕಿ, ಆಮೇಲಷ್ಟೇ ಸಿಹಿನೀರಿಗೆ ಅದ್ದಿ. ಬಾಯಿತುಂಡಿನಿಂದ ನೀರು ಹಾಕುವುದಾದರೆ ಎಡಗಡೆ ಹೋಸಿಗೆ ಇಳಿಯುವಂತೆ ವಾಲಿಸಿ. ಎರಡೂ ಹೋಸು ನೇತಾಡುವಂತೆ ನೆರಳಿನಲ್ಲಿ ತೂಗುಹಾಕಿ, ಮಡಚಿಡಬೇಡಿ. ಪೂರ್ತಿ ಒಣಗಿದ ಮೇಲೆ ಬಾಯಿತುಂಡಿಗೆ ಬಟ್ಟೆ ಕಟ್ಟಿ. ಇಲ್ಲವಾದರೆ ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟುತ್ತೆ. ಮುಂದಿನ ಸಲ ಸಿಲಿಂಡರಿಗೆ ಹಾಕುವ ಮುಂಚೆ ಹೋಸು ಬಿಚ್ಚಿ, ಬೆಳಕಿಗೆ ಹಿಡಿದು, ಆ ಕಡೆಯಿಂದ ಈ ಕಡೆ ಕಾಣುತ್ತಾ ನೋಡಿ.